ಸೂರ್ಯ ಮುಳುಗದ ವಿಮಾನದಲ್ಲಿ ದೊಡ್ಡಮ್ಮನ ಸಂಕಷ್ಟಿ

ಬನಶಂಕರಿಯ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯ ಕಲೆಗಳಿಂದ ಅರ್ಧ ಮಾಸಿದ ಕ್ಯಾಲೆಂಡರೊಂದು ತೂಗುತ್ತಿದೆ. ಅದರಲ್ಲಿ ಪ್ರತಿ ಸಂಕಷ್ಟಿಯ ಚಂದ್ರೋದಯದ ಸಮಯದ ಕೆಳಗೆ ಕೆಂಪು ಗೆರೆ ಎಳೆದು, ಅದು ಎಷ್ಟನೆಯದೆಂದು ಬರೆಯುವುದು ನನ್ನ ಕೆಲಸ. ಮಂಡಿನೋವು ಹೋಗಲೆಂದು ದೊಡ್ಡಮ್ಮ ಇಪ್ಪತ್ತೊಂದು ಸಂಕಷ್ಟಿಗಳ ಹರಕೆ ಹೊತ್ತಿದ್ದರು. ಚಂದ್ರನನ್ನು ನೋಡದೆ ಊಟವಿಲ್ಲ, ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಎಲ್ಲಕ್ಕೂ ಲೆಕ್ಕ ಇಡುವ ಚಟದವಳೆಂದು ಎಣಿಕೆಯನ್ನು ನನಗೊಪ್ಪಿಸಿದ್ದರು. ಕೊನೆಯದು ಈ ಜೂನಿನಲ್ಲಿ, ಅವರು ಮಗಳ ಮನೆಗೆಂದು ಲಂಡನ್ನಿಗೆ ಹೊರಟ ದಿನವೇ ಬಂತು.

ಟಿಕೆಟ್ಟಿನ ಪ್ರಕಾರ ಮಧ್ಯಾಹ್ನ ಒಂದಕ್ಕೆ ಹೊರಟು ಸಂಜೆ ಏಳಕ್ಕೆ ಇಳಿಯಬೇಕು.

"ಆರೇ ಗಂಟೆ. ಇಳಿದು ಕೈಕಾಲು ತೊಳಿಯೋಷ್ಟರಲ್ಲಿ ಚಂದ್ರ ಬಂದಿರ್ತಾನೆ," ಎಂದರು ದೊಡ್ಡಮ್ಮ.

ನಾನು ವಿವರಿಸಿದೆ: ದೂರ ಎಂಟು ಸಾವಿರ ಕಿಲೋಮೀಟರು, ಪ್ರಯಾಣ ಹತ್ತೂವರೆ ಗಂಟೆ, ಅಲ್ಲಿನ ಗಡಿಯಾರ ನಾಲ್ಕೂವರೆ ಗಂಟೆ ಹಿಂದೆ, ಪಶ್ಚಿಮಕ್ಕೆ ಓಡುವ ವಿಮಾನದ ಜೊತೆಗೆ ಸೂರ್ಯನೂ ಬರುತ್ತಾನೆ, ಅಲ್ಲಿ ಚಂದ್ರ ಬರುವುದು ನಡುರಾತ್ರಿಗೆ.

"ಸೂರ್ಯ ಯಾಕೆ ಬರ್ತಾನೆ? ಅವನಿಗೆ ವೀಸಾ ಇದ್ಯಾ? ನೀನು ಲೆಕ್ಕ ಬರ್ಕೊಳ್ತೀಯ ಅಷ್ಟೆ ಕಣೇ, ಮಾಡಕ್ಕೆ ಬರಲ್ಲ."

ನೀವೇ ಯೋಚಿಸಿ ನೋಡಿ: ಕಾಲವನ್ನು ಪಳಗಿಸಿದೆವೆಂದು ನಾವು ಬೀಗುತ್ತೇವೆ, ಊರಿಗೊಂದು ಗಡಿಯಾರ ಕಟ್ಟಿಕೊಳ್ಳುತ್ತೇವೆ, ಆದರೆ ಮುಳ್ಳನ್ನು ಹಿಂದಕ್ಕೆ ತಿರುಗಿಸಿದ ಮಾತ್ರಕ್ಕೆ ಹೊಟ್ಟೆಯೂ ಹಿಂದಕ್ಕೆ ನಡೆದು ಬೆಳಗಿನ ಹಾಲನ್ನು ಇನ್ನೊಮ್ಮೆ ಕುಡಿಯುವುದಿಲ್ಲ. ಹೊಟ್ಟೆಗಿರುವುದು ಒಂದೇ ಕಾಲಮಾನ, ಹೊರಟ ಊರಿನದು.

ನಮ್ಮಲ್ಲಿ ಹನ್ನೆರಡು ದಾಟಿದ ಮೇಲೆ ವೀಡಿಯೊ ಕರೆ ಬಂತು. ಬಾಡಿದ ಮುಖದ ದೊಡ್ಡಮ್ಮ, ಬೆನ್ನ ಹಿಂದೆ ಹೊಂಬಿಸಿಲು.

"ಎಲ್ಲೇ ಚಂದ್ರ? ಇಡೀ ದಾರಿ ಕಿಟಕಿಲಿ ನೋಡ್ದೆ, ಸೂರ್ಯ ಕದಲಲೇ ಇಲ್ಲ."

"ವೀಸಾ ಸಿಕ್ಕಿರಬೇಕು, ದೊಡ್ಡಮ್ಮ."

"ಹಸಿದವಳ ಹತ್ರ ತಮಾಷೆ ಬೇಡ."

ಪಕ್ಕದಿಂದ, ಅವರನ್ನು ಕರೆದೊಯ್ಯಲು ಬಂದಿದ್ದ ಅಕ್ಕನ ದನಿ: "ಅಮ್ಮ, ತಿನ್ನಮ್ಮ. ಗಣೇಶ ಏನೂ ಅಂದ್ಕೊಳಲ್ಲ."

"ಇಪ್ಪತ್ತು ಸಂಕಷ್ಟಿ ನೀನು ಮಾಡಿದ್ಯಾ?"

ನಾನು ಫೋನು ಹಿಡಿದು ತಾರಸಿಗೆ ಓಡಿದೆ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಮೋಡದ ಸಂದಿಯಲ್ಲಿ, ಚಂದ್ರನಿದ್ದ.

"ಅದು ಬೀದಿದೀಪ," ಎಂದರು ದೊಡ್ಡಮ್ಮ.

"ಅದರ ಮೇಲೆ ನೋಡಿ."

"ಹೂಂ. ಆದ್ರೆ ಅವನು ಅಲ್ಲಿಯವನು, ನಾನು ಇಲ್ಲಿದೀನಿ."

"ಸಂಕಲ್ಪ ಎಲ್ಲಿ ಮಾಡಿದ್ರಿ?"

"ನಮ್ಮ ದೇವರಮನೆಲಿ."

"ಅಂದ್ಮೇಲೆ ಚಂದ್ರನೂ ಇಲ್ಲಿಯವನೇ ಆಗ್ಬೇಕಲ್ವಾ?"

ದೊಡ್ಡಮ್ಮ ಕ್ಷಣಕಾಲ ಧರ್ಮವನ್ನೂ ಹಸಿವನ್ನೂ ತೂಗಿದರು. ಆಮೇಲೆ ಫೋನಿಗೆ ಕೈಮುಗಿದು, ವಿಮಾನ ನಿಲ್ದಾಣದ ಬೆಂಚಿನ ಮೇಲೆಯೇ ಕಡುಬಿನ ಡಬ್ಬಿ ಬಿಚ್ಚಿದರು. ನಾನು ಇಪ್ಪತ್ತೊಂದು ಎಂದು ಬರೆದು ಮಲಗಿದೆ.

ಬೆಳಕು ಹರಿಯುವ ಮೊದಲೇ ಮತ್ತೆ ಫೋನು. ಈ ಸಲ ಅಲ್ಲಿ ಕತ್ತಲು, ದೊಡ್ಡಮ್ಮನದು ಪಿಸುದನಿ.

"ಇಲ್ಲಿ ಈಗ ಬಂದ ಕಣೇ. ಕಿಟಕಿ ಎದುರಿಗೇ ನಿಂತಿದಾನೆ. ನಾನಾಗ್ಲೇ ತಿಂದಿರೋದು ಗೊತ್ತಾಗತ್ತೇನೋ ಅಂತ ಪರದೆ ಎಳೆದ್ಬಿಟ್ಟೆ."