ಸೋತವರು ಅಗೆಯುವ ಮಣ್ಣು

ಪೈಲ್ವಾನ ಮಾವನ ಕಿವಿಯ ಮೇಲೆ ಕನ್ನಡಕ ನಿಲ್ಲುತ್ತಿರಲಿಲ್ಲ. ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿ, ಜಜ್ಜಿ, ಎರಡೂ ಕಿವಿಗಳು ಮಡಚಿಕೊಂಡು ಆರಿದ ಬೋಂಡದ ಹಾಗೆ ಗಟ್ಟಿಯಾಗಿದ್ದವು. ಕಣ್ಣು ಮಂಜಾದ ಮೇಲೆ ಕನ್ನಡಕ ಕೊಂಡರೆ ಕಡ್ಡಿ ಸಿಕ್ಕಿಸಲು ಜಾಗವೇ ಇಲ್ಲ. ಅಂಗಡಿಯವನು ಅದನ್ನು ಆಚೆ ಬಗ್ಗಿಸಿ ಈಚೆ ಬಗ್ಗಿಸಿ ಕೈಚೆಲ್ಲಿದ. ಕೊನೆಗೆ ಮಾವ ತಮ್ಮ ಕುರಿಯ ಕರಿ ಉಣ್ಣೆಯನ್ನೇ ಹೊಸೆದು, ದಾರ ಮಾಡಿ, ಕನ್ನಡಕದ ಎರಡೂ ತುದಿಗೆ ಕಟ್ಟಿ ಹಿಂದಲೆಗೆ ಬಿಗಿದುಕೊಂಡರು. ನಾನು ನಕ್ಕರೆ, "ನಗಬ್ಯಾಡ ಕಣವ್ವ, ಇದೂ ಒಂದು ಪಟ್ಟೇ. ಹಾಕಿದ ಮೇಲೆ ಎದುರಿನೋನು ಅಲ್ಲಾಡಂಗಿಲ್ಲ" ಎನ್ನುತ್ತಿದ್ದರು.

ಹಿರಿಯೂರಿನ ನಮ್ಮ ಬೀದಿಗೆ ಒಂದು ತುದಿಯಲ್ಲಿ ನಮ್ಮ ಮನೆ, ಇನ್ನೊಂದು ತುದಿಯಲ್ಲಿ ಗರಡಿ, ನಡುವೆ ಮಾವನ ಮನೆ. ಅವರು ಆದಿವಾಲದ ಕುರಿ ಕಾಯುವ ಮನೆತನದವರು. ನಮಗೂ ಅವರಿಗೂ ರಕ್ತಸಂಬಂಧವೇನೂ ಇಲ್ಲ. ಅಮ್ಮನನ್ನು ಬಾಯಿತುಂಬ ತಂಗಿ ಎನ್ನುತ್ತಿದ್ದುದರಿಂದ ನನಗೆ ಮಾವ, ಅವರ ಹೆಂಡತಿ ಅತ್ತೆ. ಊರಿಗೆ ಮಾತ್ರ ಅವರು ಪೈಲ್ವಾನರು. ಮದುವೆ ಮನೆಗೆ ಹೋದರೆ ಗಂಡು ಹೆಣ್ಣನ್ನು ಬಿಟ್ಟು ಜನ ಇವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಾಣಂತಿಯರು ಕೂಸನ್ನು ತಂದು ಅವರ ತೊಡೆಯ ಮೇಲೆ ಮಲಗಿಸುತ್ತಿದ್ದರು. ಅಷ್ಟು ದೊಡ್ಡ ಆಳು ಇಂಜೆಕ್ಷನ್ ಸೂಜಿ ಕಂಡರೆ ಬೆವೆತು ನೀರಾಗುತ್ತಿದ್ದುದು ನಮ್ಮ ಬೀದಿಯವರಿಗೆ ಮಾತ್ರ ಗೊತ್ತಿತ್ತು. ನಾವು ಅದನ್ನು ಹೊರಗೆ ಬಿಟ್ಟುಕೊಡುತ್ತಿರಲಿಲ್ಲ.

ನಾನು ಬಿ.ಎಡ್. ಓದುತ್ತಿದ್ದಾಗ ದುರ್ಗದಲ್ಲಿ ದೊಡ್ಡ ಕುಸ್ತಿ ಏರ್ಪಾಡಾಯಿತು. ಎದುರಾಳಿ ಉತ್ತರದ ಕಡೆಯವನು, ಮಾವನಿಗೆ ಮಗನಾಗುವ ವಯಸ್ಸು. ಅಪ್ಪ ಮಾವನ ಪರಮ ಭಕ್ತರು. ಅವರ ಜೊತೆ ನಾನೂ ಹೋಗಿದ್ದೆ. ಅಪ್ಪ ಕಡಲೆಕಾಯಿ ಪೊಟ್ಟಣ ಬಿಚ್ಚಿ ನನ್ನ ಕೈಗೆ ಹಾಕುತ್ತಿದ್ದರು, ಅಷ್ಟರಲ್ಲಿ ಜನ ಹೋ ಎಂದರು. ತಲೆಯೆತ್ತಿ ನೋಡಿದರೆ ಮಾವ ಚಿತ್ ಆಗಿದ್ದರು, ಬೆನ್ನು ಪೂರ್ತಿ ಮಣ್ಣಿಗೆ. ಸ್ವಲ್ಪ ಹೊತ್ತು ಏಳಲೇ ಇಲ್ಲ. ಆಮೇಲೆ ಎದ್ದು, ಗೆದ್ದ ಹುಡುಗನ ಕೈ ಹಿಡಿದು ಮೇಲೆತ್ತಿ, ಕುತ್ತಿಗೆಯನ್ನು ಒತ್ತಿಕೊಂಡು ಹೊರಗೆ ನಡೆದರು. ವಾಪಸ್ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನವನ ಫೋನಿಗೆ ಆಗಲೇ ವಿಡಿಯೊ ಬಂದಿತ್ತು. ಮಾವ ಬಿದ್ದದ್ದು ಒಂದೇ ಸಲ. ಐಮಂಗಲ ದಾಟುವಷ್ಟರಲ್ಲಿ ಆ ಫೋನಿನಲ್ಲಿ ಅವರನ್ನು ಎಷ್ಟು ಸಲ ಬೀಳಿಸಿದರೋ ಲೆಕ್ಕವಿಲ್ಲ. ಅಪ್ಪ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು.

ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಸೋತು ಬಂದವನು ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಮಟ್ಟಿ ಅಗೆಯಬೇಕು. ಮಟ್ಟಿ ಎಂದರೆ ಕುಸ್ತಿಯಾಡುವ ಕೆಮ್ಮಣ್ಣಿನ ಅಂಕಣ. ದಿನವೂ ತುಳಿದು ತುಳಿದು ಅದು ಬಿಗಿಯುತ್ತದೆ. ಗುದ್ದಲಿಯಿಂದ ಸಡಿಲ ಮಾಡಿ, ಮಜ್ಜಿಗೆ, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡದಿದ್ದರೆ ಬಿದ್ದವರ ಮೂಳೆ ಮೂಳೆಯಾಗಿ ಉಳಿಯುವುದಿಲ್ಲ. ಮರುದಿನ ಹಾಲು ತರಲು ಹೋದವಳು ಗರಡಿಯ ಬಾಗಿಲಲ್ಲಿ ನಿಂತುಬಿಟ್ಟೆ. ಡಾಕ್ಟರು ಹಾಕಿದ ಕುತ್ತಿಗೆ ಪಟ್ಟಿಯಿಂದಾಗಿ ಬಗ್ಗಲು ಆಗದೆ, ಮಾವ ಮಂಡಿಯೂರಿ ಕೂತು ಗಿಡ್ಡ ಕಾವಿನ ಗುದ್ದಲಿಯಿಂದ ನಿಧಾನವಾಗಿ ಅಗೆಯುತ್ತಿದ್ದರು.

"ಈ ಶಿಕ್ಷೆ ಇವತ್ತೇ ಆಗ್ಬೇಕಿತ್ತಾ ಮಾವ?" ಎಂದೆ. ನನಗೆ ಸಿಟ್ಟು ಬಂದಿತ್ತು.

"ಶಿಕ್ಷೆ ಅಂತ ಯಾರಂದ್ರವ್ವ?" ಅವರು ಒಂದು ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡಿದರು. "ಗೆದ್ದೋನು ಮೇಲಿರ್ತಾನೆ, ಅವ್ನಿಗೇನು ಗೊತ್ತಾಗ್ತತೆ? ಮಣ್ಣು ಎಲ್ಲಿ ಗಟ್ಟಿ ಐತೆ ಅನ್ನೋದು ಬಿದ್ದೋನ ಬೆನ್ನಿಗೇ ಗೊತ್ತು. ಅದ್ಕೇ ಅವ್ನೇ ಅಗೀಬೇಕು. ನಾಳೆ ಬೀಳೋನಿಗೆ ಮೆತ್ತಗಿರ್ಲಿ ಅಂತ."

"ನೀವು ಬಿದ್ದಿದ್ದು ದುರ್ಗದ ಮಣ್ಣಿಗೆ. ಅಗೆಯೋದು ಹಿರಿಯೂರಿಂದು."

"ಬೆನ್ನು ಒಂದೇ ಅಲ್ಲೇನವ್ವ" ಎಂದು ಮತ್ತೆ ಗುದ್ದಲಿ ಹಿಡಿದರು.

ಊರಿಗೆ ಇದೊಂದೂ ಬೇಕಿರಲಿಲ್ಲ. ಕಟಿಂಗ್ ಶಾಪಿನಲ್ಲಿ, ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಮಾತು, ಪೈಲ್ವಾನರು ಇನ್ನು ಕುಸ್ತಿ ಬಿಡಬೇಕೋ ಬೇಡವೋ. ಒಂದು ಬಸ್ಕಿ ಹೊಡೆದರೆ ಎರಡು ದಿನ ಹಾಸಿಗೆ ಹಿಡಿಯುವವರೆಲ್ಲ ತೀರ್ಪು ಕೊಡುವವರೇ. ಬಿಡಬೇಕು ಎನ್ನುವ ಗುಂಪಿಗೆ ನಮ್ಮಪ್ಪನೇ ಮುಂದಾಳು. ಇನ್ನೊಮ್ಮೆ ಮಾವ ಬೀಳುವುದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ, ಅಷ್ಟೇ. ಮುಖಕ್ಕೆ ಹೇಳುವ ಧೈರ್ಯವಿಲ್ಲದ್ದಕ್ಕೆ ನಮ್ಮ ಕಡೆಯವರು ಯಾವಾಗಲೂ ಮಾಡುವುದನ್ನೇ ಮಾಡಿದರು, ಸನ್ಮಾನ ಇಟ್ಟರು. ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಮನುಷ್ಯ ತಾನಾಗಿ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾನೆ ಎಂಬ ಲೆಕ್ಕಾಚಾರ.

ಫ್ಲೆಕ್ಸ್ ಅಂಗಡಿಯ ಹುಡುಗ ಅವಸರದಲ್ಲಿ ಕಂಪ್ಯೂಟರಿನಲ್ಲಿದ್ದ ಹಳೆಯ ವಿನ್ಯಾಸ ಒಂದನ್ನೇ ತೆಗೆದು ಫೋಟೊ ಕೂರಿಸಿದ್ದ. ಮೇಲೆ ಮೋಡ, ಸುತ್ತ ಬಿಳಿ ಹೂವು, ಎರಡು ಮೂಲೆಗೂ ಉರಿಯುವ ದೀಪ, ನಡುವೆ ಕೈಮುಗಿದ ಮಾವ. ಕೆಳಗೆ "ನಿಮ್ಮನ್ನು ಎಂದೂ ಮರೆಯೆವು". ಅಪ್ಪನ ಗುಂಪು ಅದನ್ನು ನೋಡಿ ಬಹಳ ಚೆನ್ನಾಗಿದೆ ಎಂದು ಸರ್ಕಲ್ಲಿನಲ್ಲಿ ಕಟ್ಟಿಸಿತು. ಹೊಸದುರ್ಗದ ಬಸ್ಸಿನಲ್ಲಿ ಹೋಗುತ್ತಿದ್ದವರು ಇಳಿದು ದಾರಿ ಕೇಳಿಕೊಂಡು ಬಂದರು. ಆದಿವಾಲದಿಂದ ನೆಂಟರು ಲಗೇಜ್ ಆಟೊದಲ್ಲಿ ಹೂವಿನ ಹಾರ ಹಿಡಿದು, ಬೀದಿಯ ತುದಿಯಿಂದಲೇ ಅಳುತ್ತಾ ಬಂದರು. ಮಾವ ಜಗಲಿಯ ಮೇಲೆ ಕೂತು ಉಣ್ಣೆಯಿಂದ ಮುಳ್ಳು ಆರಿಸುತ್ತಿದ್ದರು. ಅವರನ್ನು ಕಂಡು ನೆಂಟರ ಅಳು ಅರ್ಧದಲ್ಲೇ ನಿಂತಿತು.

"ಬರ್ರಿ, ಕುಂತ್ಕಳ್ರಿ. ಹಾರ ತಂದೀರಿ, ಸುಮ್ನೆ ಯಾಕೆ ಬಾಡಿಸ್ತೀರಿ, ಹಾಕ್ರಿ" ಎಂದು ಮಾವ ಕುತ್ತಿಗೆ ಪಟ್ಟಿಯ ಮೇಲೆಯೇ ಹಾರ ಹಾಕಿಸಿಕೊಂಡರು. ಅತ್ತೆ ಮಾತ್ರ ನಗಲಿಲ್ಲ. ಒಳಗೆ ಟೀ ಸೋಸುತ್ತಾ ನನಗೆ ಹೇಳಿದರು: "ಎಲ್ರಿಗೂ ತಮಾಷೆಯಾಗೈತೆ. ಆವತ್ತು ದುರ್ಗದಾಗೆ ಕುತ್ತಿಗೆ ಇನ್ನೊಂಚೂರು ತಿರುಗಿದ್ರೆ ಈ ಹಾರ ಖರೇನೇ ಆಗ್ತಿತ್ತು. ನೀನು ಓದಿದೋಳು, ನೀನಾದ್ರೂ ಹೇಳವ್ವ. ನಿನ್ ಮಾತು ಕೇಳ್ತಾರೆ." ನನಗೆ ಯಾರ ಕಡೆ ನಿಲ್ಲಬೇಕೋ ತಿಳಿಯಲಿಲ್ಲ.

ಸನ್ಮಾನದ ದಿನ ಭಾಷಣಗಳೆಲ್ಲ ಮುಗಿದ ಮೇಲೆ ಮಾವ ಮೈಕಿನ ಮುಂದೆ ನಿಂತರು. ಅವರದು ಮೊದಲೇ ಮೆತ್ತನೆಯ ದನಿ.

"ಶಾಲು ಬೆಚ್ಚಗೈತೆ. ನಿಮ್ಮ ಮನಸ್ಸೂ ನಂಗೆ ತಿಳೀತತೆ. ಬಿಡೋ ಕಾಲ ಬಂದೈತೆ, ನಾನೇನು ಕೂಸಲ್ಲ. ಆದ್ರೆ ಸೋತಿದ್ದಕ್ಕೆ ಬಿಟ್ಟೆ ಅಂತ ಆದ್ರೆ, ನಮ್ ಗರಡಿ ಹುಡುಗ್ರು ನಾಳೆ ತಾವು ಸೋತ ದಿನ ತಾವೂ ಬಿಟ್ಬಿಡ್ತಾರೆ. ಅದ್ಕೆ ಇನ್ನೊಂದು ಕುಸ್ತಿ ಆಡ್ತೀನಿ. ಗೆಲ್ಲಾಕಲ್ಲ. ಎದ್ದು ನಿಂತು ಕುಸ್ತಿ ಬಿಡಾಣ ಅಂತ."

ಮುಂದಿನ ಸಾಲಿನಲ್ಲಿದ್ದ ಅತ್ತೆ ಎದ್ದು ಹೊರಗೆ ಹೋದರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನ ಅಪ್ಪನ ಮುಖ ನೋಡಿದರು. ಅಪ್ಪ ಹಣ್ಣಿನ ಬುಟ್ಟಿಯನ್ನು ನೋಡುತ್ತಿದ್ದರು.

ಅತ್ತೆ ಬಹಳ ದಿನ ಮಾವನ ಜೊತೆ ಮಾತು ಬಿಟ್ಟರು. ಊಟಕ್ಕೆ ಮುದ್ದೆ ಇಡುವರು, ಮಾತಿಲ್ಲ. ಮಾವನೂ ಅವಸರ ಮಾಡಲಿಲ್ಲ. ಡಾಕ್ಟರು ಹೇಳಿದ ವ್ಯಾಯಾಮ ಮಾಡಿದರು. ಸೂಜಿ ಬಂದಾಗ ಕಣ್ಣು ಮುಚ್ಚಿ ಚುಚ್ಚಿಸಿಕೊಂಡರು. ಕುತ್ತಿಗೆ ನೆಟ್ಟಗಾಯಿತು, ಆಡಬಹುದು ಎಂದು ಡಾಕ್ಟರು ಒಪ್ಪಿದ ದಿನ ಅತ್ತೆಯೇ ಬಾಯಿ ಬಿಟ್ಟರು. "ನಾನೂ ಬರ್ತೀನಿ. ಮುಂದೇ ಕುಂತ್ಕಂತೀನಿ. ಸಾಕು ಅಂತ ಕೈ ಎತ್ತಿದ್ರೆ ಬಿಟ್ಟು ಬರ್ಬೇಕು." ಮದುವೆಯಾದಾಗಿನಿಂದ ಅವರು ಒಂದು ಕುಸ್ತಿಯನ್ನೂ ನೋಡಿದವರಲ್ಲ. ಮಾವ ಆಗಲಿ ಎಂದರು.

ಕುಸ್ತಿ ನಡೆದದ್ದು ಹೊಳಲ್ಕೆರೆಯಲ್ಲಿ. ಅತ್ತೆಯ ಪಕ್ಕ ನಾನು ಕೂತಿದ್ದೆ. ಅವರು ಒಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದಿದ್ದರು, ಇನ್ನೊಂದು ಕೈ ತೊಡೆಯ ಮೇಲಿತ್ತು. ನಾನು ಮಾವನಿಗಿಂತ ಹೆಚ್ಚಾಗಿ ಆ ಕೈಯನ್ನೇ ನೋಡುತ್ತಿದ್ದೆ. ಎದುರಾಳಿ ಒಮ್ಮೆ ಮಾವನ ಕುತ್ತಿಗೆಗೆ ಕೈ ಹಾಕಿ ಬಗ್ಗಿಸಿದಾಗ ಆ ಕೈ ಅರ್ಧ ಮೇಲೆದ್ದಿತು. ಮಾವ ಬಿಡಿಸಿಕೊಂಡರು. ಕೈ ಮತ್ತೆ ತೊಡೆಗೆ ಇಳಿಯಿತು. ಕೊನೆಗೂ ಯಾರ ಬೆನ್ನೂ ಮಣ್ಣಿಗೆ ತಾಗದೆ, ಪಂಚರು ಇಬ್ಬರ ಕೈಯನ್ನೂ ಎತ್ತಿ ಸಮ ಎಂದು ಸಾರಿದರು. ಮಾವ ಏದುಸಿರು ಬಿಡುತ್ತಾ ನೇರ ಅತ್ತೆಯ ಮುಂದೆ ಬಂದು ನಿಂತರು.

"ಆತಾ?" ಎಂದು ಅತ್ತೆ ಕೇಳಿದರು.

"ಆತು" ಎಂದರು ಮಾವ. ಅವರು ಕುಸ್ತಿ ಬಿಟ್ಟದ್ದು ಹಾಗೆ. ಹಿಂದೆ ಕೂತಿದ್ದ ಅಪ್ಪ ಮಕ್ಕಳ ಹಾಗೆ ಅತ್ತರು.

ನನಗೆ ಯಲ್ಲದಕೆರೆ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಕೆಲಸ ಸಿಕ್ಕಿತು. ಮೊದಲ ವರ್ಷವೇ ಹತ್ತನೇ ತರಗತಿಯ ಮುಕ್ಕಾಲು ಪಾಲು ಮಕ್ಕಳು ನನ್ನ ವಿಷಯದಲ್ಲೇ ನಪಾಸಾದರು. ಮೇಲಿನವರಿಂದ ನೋಟಿಸು, ಸ್ಟಾಫ್ ರೂಮಿನಲ್ಲಿ ಪಿಸುಮಾತು. ಕೆಲಸ ಬಿಡುತ್ತೇನೆಂದು ಮನೆಗೆ ಬಂದು ಕೂತೆ. ಮಾವ ಬಂದು, ಉಣ್ಣೆ ದಾರದ ಕನ್ನಡಕದೊಳಗಿಂದ ನನ್ನನ್ನು ನೋಡಿ ಇಷ್ಟೇ ಕೇಳಿದರು: "ಎಲ್ಲಿ ಗಟ್ಟಿ ಇತ್ತು ಅಂತ ನಿಂಗೆ ಗೊತ್ತಾತಲ್ಲ. ಬ್ಯಾರೆ ಮೇಷ್ಟ್ರು ಬಂದ್ರೆ ಅವ್ರಿಗೆ ಗೊತ್ತಿರ್ತತಾ?"

ಮಾರನೆಯ ದಿನ ಶಾಲೆಗೆ ಹೋಗಿ ನಪಾಸಾದ ಮಕ್ಕಳನ್ನು ಕರೆಸಿದೆ. ಪ್ರಶ್ನೆಪತ್ರಿಕೆ ಮುಂದೆ ಹರಡಿ, ಎಲ್ಲಿ ಬಿದ್ದಿರಿ, ತೋರಿಸಿ ಎಂದೆ. ಹತ್ತನೆಯದಲ್ಲ, ಏಳನೆಯ ತರಗತಿಯ ಭಿನ್ನರಾಶಿಯಲ್ಲೇ ಬಿದ್ದಿದ್ದರು. ನಾನು ಅದರ ಮೇಲೆಯೇ ವರ್ಷವಿಡೀ ತುಳಿದಾಡಿದ್ದೆ. ಅಲ್ಲಿಂದ ಅಗೆದೆವು. ಪೂರಕ ಪರೀಕ್ಷೆಯಲ್ಲಿ ಬಹಳಷ್ಟು ಮಕ್ಕಳು ಪಾಸಾದರು. ಇವತ್ತಿಗೂ ಪ್ರತಿ ವರ್ಷ ಫಲಿತಾಂಶದ ಮರುದಿನ ನಾನು ರಜೆ ಹಾಕುವುದಿಲ್ಲ. ನಾನು ಮೇಡಂ ಆಗಿ ಉಳಿದಿರುವುದು ಮಾವನಿಂದ.

ಹೋದ ವರ್ಷ ಮಾವ ಮಧ್ಯಾಹ್ನ ಜಗಲಿಯ ಮೇಲೆ ಮಲಗಿದವರು ಏಳಲಿಲ್ಲ. ಈ ಸಲ ಫ್ಲೆಕ್ಸಿನ ದೀಪಗಳು ಸರಿಯಾಗಿಯೇ ಇದ್ದವು. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಗರಡಿಯಿಂದ ಗುದ್ದಲಿಯ ಸದ್ದು ಕೇಳಿ ನಾನು ಹೋದೆ. ಹಿಂದಿನ ದಿನ ಯಾರೂ ಕುಸ್ತಿ ಆಡಿರಲಿಲ್ಲ, ಯಾರೂ ಸೋತಿರಲಿಲ್ಲ. ಆದರೂ ಮುದುಕರು, ಹುಡುಗರು ಎಲ್ಲರೂ ಮಟ್ಟಿಗೆ ಇಳಿದಿದ್ದರು. ಗುದ್ದಲಿ ಸಾಲದೆ ಕೆಲವರು ಕೈಯಲ್ಲೇ ಹೆಂಟೆ ಒಡೆಯುತ್ತಿದ್ದರು. ನಮ್ಮಪ್ಪ ಪಂಚೆ ಎತ್ತಿ ಕಟ್ಟಿ ಒಂದು ಅಂಚಿನಲ್ಲಿ ಕೂತಿದ್ದರು.

ಅತ್ತೆ ಬಂದು ನನ್ನ ಪಕ್ಕ ಹೊಸ್ತಿಲ ಹತ್ತಿರ ನಿಂತರು. ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಕೈ ತೋರಿಸಿ ಹೇಳಿದರು:

"ಆ ಮೂಲೆ ಇನ್ನೂ ಗಟ್ಟಿ ಐತೆ, ನೋಡ್ರಿ. ಅಲ್ಲಿ ಅಗೀರಿ."