ಬಾಗಿಲು ತೆರೆಯುವ ಮೊದಲೇ ಓದಬೇಕಾದ ಪಟ್ಟಿ

ಬೆಳಗಿನ ಆರೂಕಾಲು. ನ್ಯಾಯಾಲಯದ ಹಿಂಬದಿ ಕಟ್ಟಡದ ಉದ್ದನೆಯ ಪಡಸಾಲೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಉಚಿತ ಕಾನೂನು ನೆರವು ಕಚೇರಿಯ ಮುಚ್ಚಿದ ಬಾಗಿಲಿನ ಮುಂದೆ ಒಬ್ಬ ಹೆಂಗಸು ಮೊಬೈಲಿನ ಬೆಳಕು ಹಿಡಿದು, ಬಾಗಿಲಿಗೆ ಅಂಟಿಸಿದ ಪಟ್ಟಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಾರೆ. ಹಿಂದೆ ಇಪ್ಪತ್ತಾರು ಜನ ಸಾಲಾಗಿ ನಿಂತು ಕೇಳುತ್ತಿದ್ದಾರೆ. ಯಾವ ತೊಂದರೆಗೆ ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬ ಪಟ್ಟಿ ಅದು.

ಇವರು ಕಚೇರಿಯವರಲ್ಲ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹತ್ತೊಂಬತ್ತು ವರ್ಷದಿಂದ ಜೆರಾಕ್ಸ್ ಯಂತ್ರ ಇಟ್ಟುಕೊಂಡವರು. ಎಲ್ಲರ ಬಾಯಲ್ಲೂ ಜೆರಾಕ್ಸಕ್ಕ.

ಇಷ್ಟು ಬೇಗ ಯಾಕೆ? ಆ ಬಾಗಿಲು ಹೊರಕ್ಕೆ ತೆರೆಯುತ್ತದೆ. ಹತ್ತು ಗಂಟೆಗೆ ತೆರೆದು, ಮಡಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೊಕ್ಕೆ ಹಾಕುತ್ತಾರೆ. ಪಟ್ಟಿಯ ಮುಖ ಗೋಡೆಗೆ. ಕಚೇರಿ ನಡೆಯುವಷ್ಟು ಹೊತ್ತೂ ಅದನ್ನು ಯಾರೂ ಓದಲಾಗದು. ಕಚೇರಿ ಮುಚ್ಚಿದರೆ ಮಾತ್ರ ಕಾಣುತ್ತದೆ. ಅಡ್ಡಗೋಡೆಯ ಮೇಲಿನ ದೀಪವಾದರೂ ಎರಡು ಕಡೆಗೂ ಒಂದಿಷ್ಟು ಬೆಳಕು ಕೊಡುತ್ತದೆ. ಇದು ಗೋಡೆಗೆ ಮುಖ ಮಾಡಿ ಹಚ್ಚಿದ ದೀಪ.

ಪಟ್ಟಿಯನ್ನು ಬೇರೆ ಕಡೆ ಹಾಕಿ ಎಂದು ಜೆರಾಕ್ಸಕ್ಕ ನಾಲ್ಕು ಬಾರಿ ಬರೆದು ಕೊಟ್ಟಿದ್ದಾರೆ. ಬಾಗಿಲಿಗೆ ಅಂಟಿಸಬೇಕೆಂದು ಆದೇಶವಿದೆ, ಅಂಟಿಸಿದ್ದೇವೆ ಎಂಬ ಉತ್ತರ ಬಂತು. ತಾವೇ ಒಂದು ಪ್ರತಿ ಮಾಡಿ ಗೋಡೆಗೆ ಹಚ್ಚಿದರು. ಮೊಹರಿಲ್ಲದ ಕಾಗದ ಎಂದು ಕಚೇರಿಯವರು ಮಧ್ಯಾಹ್ನದೊಳಗೆ ಹರಿದು ಹಾಕಿದರು. ಪ್ರತಿಗಳನ್ನು ಜನರ ಕೈಗೆ ಕೊಟ್ಟರೆ, ಇದು ಹಳೇ ಪಟ್ಟಿ ಎಂದು ಅರ್ಜಿ ತೆಗೆದುಕೊಳ್ಳುವ ಕಿಟಕಿಯಿಂದಲೇ ವಾಪಸ್ ಕಳಿಸಿದರು. ಹಾಗಾಗಿ ದಿನವೂ ಬಾಗಿಲನ್ನೇ ಓದುತ್ತಾರೆ.

ಈ ಹಟಕ್ಕೆ ಕಾರಣ ಯಂತ್ರದ ಪಕ್ಕದಲ್ಲಿ ಕೂತು ಕಾಗದಗಳಿಗೆ ಪಿನ್ ಹೊಡೆಯುವ ಅವರ ಸ್ವಂತ ಅಕ್ಕ. ಗಂಡನ ಮನೆಯಿಂದ ಹೊರಗೆ ಹಾಕಿಸಿಕೊಂಡು ಬಂದಾಗ, ಅದು ಮನೆಯೊಳಗಿನ ವಿಷಯ, ಇಲ್ಲಿಗೆ ಬರುವುದಿಲ್ಲ ಎಂದು ಇದೇ ಕಿಟಕಿಯಲ್ಲಿ ಹೇಳಿದ್ದರು. ಮುಂದೊಂದು ರಜೆಯ ದಿನ ತಂಗಿ ಮುಚ್ಚಿದ ಬಾಗಿಲಿನ ಮುಂದೆ ಹಾದುಹೋಗುವಾಗ ಪಟ್ಟಿ ಕಣ್ಣಿಗೆ ಬಿತ್ತು. ಮೂರನೆಯ ಸಾಲಿನಲ್ಲೇ ಅಕ್ಕನ ತೊಂದರೆ ಇತ್ತು. ಅಷ್ಟರಲ್ಲಿ, ವಕೀಲರಿಲ್ಲದೆ ಸೋತ ಜೀವನಾಂಶದ ದಾವೆಗೆ ಮೇಲ್ಮನವಿ ಹಾಕುವ ಗಡುವು ಮುಗಿದು ಹನ್ನೊಂದು ದಿನವಾಗಿತ್ತು.

“ಹನ್ನೊಂದೇ ದಿನ. ಆಮೇಲೆ ನಾನು ಯಾರನ್ನೂ ಸುಮ್ಮನೆ ಒಳಗೆ ಬಿಟ್ಟಿಲ್ಲ” ಎನ್ನುತ್ತಾರೆ ಜೆರಾಕ್ಸಕ್ಕ.

ಇವತ್ತಿನ ಸಾಲಿನಲ್ಲಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಒಬ್ಬ ಹೆಣ್ಣುಮಗಳಿದ್ದಾಳೆ. ನಿನ್ನೆಯೂ ಬಂದಿದ್ದಳು. ಮನೆ ಮಾಲೀಕರ ಜೊತೆ ಜಗಳ ಎಂದಳಂತೆ. ಜಗಳಕ್ಕೆಲ್ಲ ವಕೀಲರನ್ನು ಕೊಡುವುದಿಲ್ಲ ಎಂದು ಅಟ್ಟಿದರಂತೆ. ಈಗ ಜೆರಾಕ್ಸಕ್ಕನ ಮುಂದೆ ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ: ಮಾಲೀಕರು ಬೈದದ್ದು, ನಲ್ಲಿ ಬಂದ್ ಮಾಡಿದ್ದು.

“ಕತೆ ಆಮೇಲೆ ಕೇಳ್ತೀನಿ ಕಣಮ್ಮ, ಮೊದಲು ಕಾಗದ ತೋರಿಸು.”

ಚೀಲದ ತಳದಿಂದ ನಾಲ್ಕಾಗಿ ಮಡಚಿದ ನೋಟಿಸು ಹೊರಬರುತ್ತದೆ. ಹದಿನೈದು ದಿನದೊಳಗೆ ಉತ್ತರ ಕೊಡದಿದ್ದರೆ ಮನೆ ಖಾಲಿ ಮಾಡಿಸುತ್ತಾರೆ. ಇವತ್ತು ಹದಿನೈದನೇ ದಿನ. ನಿನ್ನೆ ಆ ಕಿಟಕಿಯಲ್ಲಿ ಕೂತವರು ಕಾಗದ ಬಂದಿದೆಯಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಸಂಬಳ ಎಣಿಸಿಕೊಳ್ಳುವುದು ಆ ಒಂದು ಮಾತಿಗಲ್ಲದೆ ಇನ್ನೇತಕ್ಕೆ?

“ಪಟ್ಟಿಯಲ್ಲಿ ಏಳನೇ ಸಾಲು ನಿಂದು. ಜಗಳ ಅನ್ನೋ ಮಾತು ನಿನ್ನ ಬಾಯಲ್ಲಿ ಬರಕೂಡದು. ನೋಟಿಸು ಮೇಲಿಡು, ಏಳನೇದು ಅನ್ನು, ಇವತ್ತೇ ಕೊನೇ ದಿನ ಅನ್ನು. ಎಲ್ಲಿ, ಹೇಳು ನೋಡೋಣ.”

ಅವಳು ಮೂರು ಸಲ ಒಪ್ಪಿಸುತ್ತಾಳೆ. ಹಿಂದಿದ್ದ ಒಬ್ಬರು ಭಾವಮೈದುನನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಬೇಕು ಎನ್ನುತ್ತಾರೆ. ಅದು ಪಟ್ಟಿಯಲ್ಲಿಲ್ಲ, ಇವತ್ತಿನ ಕೂಲಿಯಾದರೂ ಉಳಿಸಿಕೊಳ್ಳಿ ಎಂದು ಜೆರಾಕ್ಸಕ್ಕ ಅವರನ್ನು ಮನೆಗೆ ಕಳಿಸುತ್ತಾರೆ. ಇಲ್ಲ ಎಂಬುದನ್ನು ಬೇಗ ಹೇಳುವುದೂ ಉಪಕಾರವೇ.

ಹತ್ತಕ್ಕೆ ಕಾವಲಿನ ಮುದುಕಪ್ಪ ಬೀಗದ ಕೈ ಗೊಂಚಲು ಹಿಡಿದು ಬರುತ್ತಾನೆ. ಸಾಲಿನ ಕೊನೆಯಲ್ಲಿ ಇನ್ನೂ ಮೂವರ ಕಾಗದ ನೋಡಿಲ್ಲ. ಅವನು ಬೀಗಕ್ಕೆ ಒಂದು ಕೀಲಿಕೈ ಹಾಕಿ ನೋಡುತ್ತಾನೆ, ಇನ್ನೊಂದು ಹಾಕುತ್ತಾನೆ, ಕೆಮ್ಮುತ್ತಾನೆ. ಇಪ್ಪತ್ತು ವರ್ಷದಿಂದ ತೆಗೆಯುವ ಬೀಗ ಅದು.

“ಬೇಗ ಓದಕ್ಕ, ಬೀಗದ ಕೈ ಸಿಕ್ಕಿಬಿಡುತ್ತೆ” ಎಂದು ಗೊಣಗುತ್ತಾನೆ.

ಬಾಗಿಲು ಗೋಡೆಗೆ ಒರಗುತ್ತದೆ. ಬಟ್ಟೆ ಒಗೆಯುವ ಹೆಣ್ಣುಮಗಳು ಕಿಟಕಿಯ ಮುಂದೆ ತಲೆ ತಗ್ಗಿಸದೆ ಕಲಿತದ್ದನ್ನು ಹೇಳುತ್ತಾಳೆ. ಗುಮಾಸ್ತರು ನೋಟಿಸಿನ ದಿನಾಂಕ ನೋಡಿ, ನಿನ್ನೆಯೇ ಹೇಳಬಾರದಿತ್ತೇ ಎಂದು ಅವಳನ್ನೇ ಗದರಿಸುತ್ತಾರೆ. ನಾಚಿಕೆ ಎಂಬುದೂ ಆ ಬಾಗಿಲಿನ ಹಿಂದೆಯೇ ಸೇರಿಕೊಂಡಿರಬೇಕು. ಆದರೆ ಅರ್ಜಿ ತೆಗೆದುಕೊಳ್ಳುತ್ತಾರೆ. ಹನ್ನೆರಡಕ್ಕೆ ಒಬ್ಬ ವಕೀಲೆ ಬಂದು ಉತ್ತರ ಬರೆಯುತ್ತಾರೆ. ಅದರ ಎರಡು ಪ್ರತಿ ಮೆಟ್ಟಿಲ ಕೆಳಗೇ ಆಗುತ್ತದೆ. ಪಿನ್ ಹೊಡೆಯುವ ಅಕ್ಕ ಮೂಲೆಯನ್ನು ಬೆರಳಿನಿಂದ ಎರಡು ಸಲ ಒತ್ತಿ ಕೊಡುತ್ತಾರೆ.

ನಿಮಗೇನು ಬೇಕು ಎಂದು ಜೆರಾಕ್ಸಕ್ಕನನ್ನು ಕೇಳಿದೆ. ಯಂತ್ರದ ಮುಚ್ಚಳ ಒರೆಸುತ್ತಲೇ ಹೇಳಿದರು.

“ಬಡಗಿ ಒಬ್ಬ ಬಂದು ಆ ಬಾಗಿಲನ್ನ ಒಳಗಡೆ ತೆರೆಯೋ ಹಾಗೆ ಕೂರಿಸಿದ್ರೆ ಸಾಕು. ಅರ್ಧ ದಿನದ ಕೆಲಸ. ನಾನೂ ಬೆಳಗ್ಗೆ ಇನ್ನೊಂದು ಗಂಟೆ ಮಲಗ್ತೀನಿ.”