ಗೋರಾ ಸಿಪಾಯಿಯ ಅಜ್ಜನ ಸ್ವರ

ಪುಣೆ ಕ್ಯಾಂಪಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ಇಂಗ್ಲಿಷ್ ಸಿಪಾಯಿ ಅವನು. ಸದಾಶಿವ ಪೇಠೆಯ ನನ್ನ ಹಾರ್ಮೋನಿಯಂ ರಿಪೇರಿ ಅಂಗಡಿಗೆ ಬರುವಾಗ ಮಾತ್ರ ತನ್ನ ಅಜ್ಜನ ಕಾಲದ, ಎರಡೂ ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವ ಪುಟ್ಟ ತಿದಿವಾದ್ಯವೊಂದನ್ನು ತರುತ್ತಿದ್ದ. ಕುರಿ ಕಾಯುತ್ತಿದ್ದ ಅಜ್ಜ ಕಲಿಸಿದ ಹಾಡುಗಳು ಅವನವು. ಹಾಡುವ ಮೊದಲು ಟೋಪಿ ತೆಗೆದು ಮೊಣಕಾಲ ಮೇಲಿಡುತ್ತಿದ್ದ. ಮುಗಿದ ಮೇಲೆ ಎದೆ ಮುಟ್ಟಿಕೊಂಡು, "ಹಮಾರಾ ಗಾಂವ್ ಕಾ," ನಮ್ಮೂರಿನದು, ಎನ್ನುತ್ತಿದ್ದ.

ಒಮ್ಮೆ ತಿದಿ ಹರಿದಿತ್ತು. ಅದನ್ನು ಸರಿಮಾಡಿದ ನಾನು, ಒಂದು ಸ್ವರ ತಪ್ಪಿದೆಯೆಂದು ಅದನ್ನು ಹೊರಡಿಸುವ ಹಿತ್ತಾಳೆ ಪಟ್ಟಿ, ಅದರ ರೀಡನ್ನೂ, ಅವನನ್ನು ಕೇಳದೆ ತುದಿಯಲ್ಲಿ ಕೆರೆದು ಏರಿಸಿ ಶುದ್ಧ ಮಾಡಿಬಿಟ್ಟೆ. ನುಡಿಸಿ ನೋಡಿದವನ ಮುಖ ಬಾಡಿತು. "ಅಜ್ಜನ ಸ್ವರ ಎಲ್ಲಿ?" ಎಂದು ತನ್ನ ಹರುಕು ಹಿಂದೂಸ್ತಾನಿಯಲ್ಲಿ ಕೇಳಿದ.

ನನಗೆ ರೇಗಿತು. "ಬೇಸೂರ್ ಇತ್ತು, ಸಾಹೇಬ್," ಅಪಸ್ವರ, ಎಂದೆ.

ಅವನು ಟೋಪಿ ತೆಗೆದಿಟ್ಟು, ವಾದ್ಯವಿಲ್ಲದೆ, ಕಣ್ಣು ಮುಚ್ಚಿ ಹಾಡಿದ. ಆ ಸ್ವರ ಕೋಮಲಕ್ಕೂ ಶುದ್ಧಕ್ಕೂ ನಡುವೆ, ಪ್ರತಿ ಸಲವೂ ಅದೇ ಜಾಗದಲ್ಲಿ, ಅಲ್ಲಾಡದೆ ನಿಂತಿತು. ಹಾಡು ಮುಗಿಸಿ ಅವನು ಟೋಪಿ ಹಾಕಿಕೊಂಡ.

ಅವ್ವ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅಂವಾ ಬರೋಬ್ಬರಿ ಹಾಡ್ಯಾನ. ನಮ್ಮ ಬೀಸೋ ಹಾಡಿನ್ಯಾಗೂ ಈ ಸ್ವರ ಅದ. ನಿನ್ನ ಹಾರ್ಮೋನಿಯಂ ಪೆಟ್ಟಿಗ್ಯಾಗ ಇಲ್ಲಂದ್ರ ಅದು ತಪ್ಪೇನು?" ಎಂದವಳೇ ನಮ್ಮೂರು ಧಾರವಾಡದ ಕಡೆಯ ಬೀಸುವ ಹಾಡೊಂದನ್ನು ಎತ್ತಿಕೊಂಡಳು. ಅವಳ ದನಿಗೆ ಕಿವಿಗೊಟ್ಟು ನಾನು ರೀಡನ್ನು ಈ ಸಲ ಬುಡದಲ್ಲಿ ಕೆರೆದು ಸ್ವರ ಇಳಿಸತೊಡಗಿದೆ.

ತಲೆಯೆತ್ತಿದಾಗ ಅವನು ಎದ್ದು ನಿಂತಿದ್ದ. ಟೋಪಿ ಕೈಯಲ್ಲಿತ್ತು. ಹಾಡು ಮುಗಿಯುತ್ತಲೇ ನನ್ನತ್ತ ತಿರುಗಿ, ಯಾವ ಊರಿನದು ಎಂಬಂತೆ ನೋಡಿದ.

ನಾನು ಎದೆ ಮುಟ್ಟಿಕೊಂಡು ಹೇಳಿದೆ: "ಹಮಾರಾ ಗಾಂವ್ ಕಾ."